ಬೇಗೂರಿನ ನಾಗತ್ತರನ ವೀರಗಲ್ಲು: ಅದರ ರೀತಿ ಮತ್ತು ರಸ

ವೀರಗಲ್ಲುಗಳ ಬರಹವನ್ನು ಚರಿತ್ರಕಾರರು ರಾಜವಂಶಗಳ ಕಾಲನಿರ್ಣಯಕ್ಕೂ, ಭಾಷಾವಿದರು ಪ್ರಾಚೀನ ಪದರೂಪಗಳ ಪರಿಶೀಲನೆಗೂ ಉಪಯೋಗಿಸಿಕೊಂಡಿರುವರು. ಕಾವ್ಯವಿಮರ್ಶಕರಾದರೋ ಅವುಗಳನ್ನು ಶಾಸನಗಳ ಸಾಲಿಗೆ ಸೇರಿಸಿ ಸುಮ್ಮನಾಗುವುದೇ ಹೆಚ್ಚು. ಈ ಉದಾಸೀನವು ಯುಕ್ತವೇ ಎಂಬುದನ್ನು ಪರೀಕ್ಷಿಸುವುದಕ್ಕೆ, ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲು ಉತ್ತಮವಾದ ನಿದರ್ಶನವಾಗಿದೆ.

ಇದು ಕ್ರಿ. ಶ. 900ರ ಆಚೀಚಿನದೆಂದು ವಿದ್ವಾಂಸರು ಎಣಿಸಿರುವರು. ಗಂಗವಾಡಿ ತೊಂಬತ್ತಾರುಸಾಸಿರವನ್ನು ಆಳುತ್ತಿದ್ದ ಎರೆಯಪ್ಪನು, ವೀರಮಹೇಂದ್ರನೊಡನೆ ಕಾದಲೆಂದು ಅಯ್ಯಪದೇವನಿಗೆ ನೆರವಾಗಿ ನಾಗತ್ತರನನ್ನು ದಂಡಿನೊಡನೆ ಕಳುಹಿಸಿದನು. ತುಂಬೆಪಾಡಿಯಲ್ಲಿ ಕಾಳಗವಾಯಿತು. ಕಾಳಗವು ಇಳಿಮುಖವಾದಾಗ ನಾಗತ್ತರನು ಆನೆಗಳಿದ್ದ ಆ ಕಾದಾಟದಲ್ಲಿ ಇದಿರಾಂತು ಇರಿದು ಸತ್ತನು. ಅದನ್ನು ಕೇಳಿದ ಅರಸನು ಮೆಚ್ಚಿ, ಇರುಗನಿಗೆ ನಾಗತ್ತರಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಈ ಬೆಂಪೂರೇ ಇಂದಿನ ಬೇಗೂರು. ಕಥಾವಸ್ತು ಇಷ್ಟೇ.

ಈ ಬರಹದಲ್ಲಿ ಮೊದಲು ಗಮನಿಸತಕ್ಕುದು ರೀತಿಭೇದ. ಆರಂಭದಲ್ಲಿ ಎರೆಯಪ್ಪನ ಪ್ರಶಸ್ತಿಯಿದೆ. ಅವನು ಗಂಗಕುಲವೆಂಬ ಗಗನಕ್ಕೆ ಚಂದ್ರನು. ಸಮುದ್ರವನ್ನೇ ಒಡ್ಯಾಣವಾಗಿ ತೊಟ್ಟ ಭೂಮಿಯ ಒಡೆಯನು. ಇದೆಲ್ಲವೂ ಸಂಸ್ಕೃತದ ದೀರ್ಘಸಮಾಸಗಳಲ್ಲಿ ಸಾಗುವುದು. ಯುದ್ಧದ ಮಾತು ಬಂದೊಡನೆ ಸಮಾಸವು ಕಳಚಿಬೀಳುವುದು. ಅಲ್ಲಿಂದ ಮುಂದೆ ಕಾದಿ, ಆಂತು, ಇರಿದು ಎಂಬ ಅಚ್ಚಗನ್ನಡದ ಕ್ರಿಯಾಪದಗಳು ಒಂದರ ಹಿಂದೊಂದು ಬರುವುವು. ನಾಗತ್ತರನಿಗೆ ಒಂದು ವಿಶೇಷಣವೂ ಇಲ್ಲ, ಒಂದು ಉಪಮಾನವೂ ಇಲ್ಲ. ಅರಸನು ಎಂತಹವನು ಎಂಬುದು ಹೇಳಲ್ಪಟ್ಟಿದೆ. ಭಟನು ಏನು ಮಾಡಿದನು ಎಂಬುದು ಮಾತ್ರ ಹೇಳಲ್ಪಟ್ಟಿದೆ.

ಇದು ಲಿಪಿಕಾರನ ಅಶಕ್ತಿಯೆಂದು ಆಕ್ಷೇಪಿಸುವವರು ಇರಬಹುದು. ವೀರರಸಕ್ಕೆ ಓಜೋಗುಣವು ಉಚಿತವೆಂದೂ, ಓಜಸ್ಸಿಗೆ ಸಮಾಸಬಾಹುಳ್ಯವು ವ್ಯಂಜಕವೆಂದೂ ಆಲಂಕಾರಿಕರ ಮತವಲ್ಲವೆ? ಆದರೆ ಸಂಘಟನೆಗೂ ಗುಣಕ್ಕೂ ನಿಯತವಾದ ಸಂಬಂಧವಿಲ್ಲವೆಂದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಸಾಧಿಸಿರುವನು. ವೇಣೀಸಂಹಾರದಲ್ಲಿ ಅಶ್ವತ್ಥಾಮನು ಆಡುವ, ದೀರ್ಘಸಮಾಸವಿಲ್ಲದ ಪದ್ಯದಲ್ಲಿಯೂ ಓಜಸ್ಸು ಇರುವುದನ್ನು ಅವನು ತೋರಿಸಿಕೊಡುವನು. ಕಾಶ್ಮೀರದ ಆ ಆಚಾರ್ಯನು ಒಂಬತ್ತನೆಯ ಶತಮಾನದವನು. ಬೇಗೂರಿನ ಬರಹಗಾರನು ಅವನ ಹೆಸರನ್ನೇ ಕೇಳದಿದ್ದಿರಬಹುದು. ಆದರೂ ಅವನ ಸಿದ್ಧಾಂತಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕುವುದು ಸುಲಭವಲ್ಲ. ಸಮಾಸವನ್ನು ಬಲ್ಲವನೇ ಅದನ್ನು ತಕ್ಕ ಎಡೆಯಲ್ಲಿ ಬಿಟ್ಟಿರುವನು. ಆದಕಾರಣ ಇದು ಅಶಕ್ತಿಯಲ್ಲ, ಔಚಿತ್ಯ.

ಇನ್ನು ರಸದ ವಿಚಾರ. ಮರಣವು ವಿಷಯವಾಗಿದ್ದರೂ ಇಲ್ಲಿ ಶೋಕವು ವಾಚ್ಯವಾಗಿಲ್ಲ. ತಾಯಿಯ ಅಳಲಿಲ್ಲ, ಮಡದಿಯ ಮಾತಿಲ್ಲ. ಸತ್ತ ಸುದ್ದಿಯನ್ನು ಕೇಳಿದ ಅರಸನಿಗೂ ಇಲ್ಲಿ ಹೇಳಿರುವ ಭಾವವು ದುಃಖವಲ್ಲ, ಮೆಚ್ಚು. ಭಟನ ಉತ್ಸಾಹವು ಸ್ಥಾಯಿಯಾಗಿ ನಿಂತು, ಸಾವು ಅದರ ಕಡೆಯ ಅನುಭಾವವಾಗುವುದು. ಹೀಗೆ ಕರುಣವಾಗಬಹುದಾಗಿದ್ದುದು ಯುದ್ಧವೀರವಾಗುವುದು. ಹೇಳದೆ ಬಿಟ್ಟ ಶೋಕವಾದರೋ, ಪಟ್ಟವನ್ನು ಇನ್ನೊಬ್ಬನ ಹಣೆಗೆ ಕಟ್ಟಿದನೆಂಬ ಮಾತಿನಿಂದ ಸಹೃದಯನಿಗೆ ತಾನಾಗಿ ವ್ಯಂಗ್ಯವಾಗುವುದು. ಬಿದ್ದವನ ಎಡೆ ತೆರವಾಗಿತ್ತೆಂಬುದನ್ನು ಇದಕ್ಕಿಂತ ಮಿತವಾಗಿ ಹೇಳುವುದು ಹೇಗೆ?

ಮೆಚ್ಚು ಎಂಬ ಈ ಪದದ ಬೆಲೆಯನ್ನು ಅರಿಯಲು ದಾನದ ಹೆಸರುಗಳನ್ನೂ ನೋಡಬೇಕು. ತಕ್ಕೋಲದ ಯುದ್ಧವನ್ನು ಹೇಳುವ ಆತಕೂರಿನ ಶಾಸನದಲ್ಲಿ (ಕ್ರಿ. ಶ. 949–50) ಬದುಕಿ ಬಂದ ಮಣಲೆರನಿಗೆ ಬೂತುಗನು ಕೊಟ್ಟುದು ಬಾಳ್ಗಚ್ಚು, ಎಂದರೆ ಕತ್ತಿಯನ್ನು ತೊಳೆದುದಕ್ಕೆ ಸಂದ ಭೂಮಿ. ಬೇಗೂರಿನಲ್ಲಿ ಕತ್ತಿಯನ್ನು ತೊಳೆಯುವ ಕೈ ಉಳಿದಿರಲಿಲ್ಲ. ಅಲ್ಲಿ ಸಂದುದು ಕಲ್ನಾಡು. ಕೆಲವು ದಶಕಗಳ ತರುವಾಯ ಕವಿಯೂ ಕಲಿಯೂ ಆಗಿದ್ದ ಪಂಪನು ವಿಕ್ರಮಾರ್ಜುನವಿಜಯವನ್ನು ರಚಿಸಿ ಅರಿಕೇಸರಿಯಿಂದ ಧರ್ಮವುರವನ್ನು ಪಡೆದನು. ಒಡೆಯನನ್ನು ಅರ್ಜುನನೊಡನೆ ಅಭೇದಗೊಳಿಸಿ ಹಾಡಿದ ಆ ಕವಿಯೇ, ಅರ್ಜುನನ ಕೈಯಲ್ಲಿ ಮಡಿದ ಕರ್ಣನಿಗೆ ತನ್ನ ಹೃದಯದ ಮೆಚ್ಚನ್ನು ಸಲ್ಲಿಸಿದುದು ಸುವಿದಿತವಾಗಿದೆ. ಬಿದ್ದವನನ್ನು ಮೆಚ್ಚುವ ಈ ಮನೋಧರ್ಮವು ಕನ್ನಡದಲ್ಲಿ ಪಂಪನಿಂದ ಮೊದಲಾದುದಲ್ಲ. ಕಲ್ಲುಗಳು ಅದನ್ನು ಆಗಲೇ ಬಲ್ಲವು.

ಒಂದು ನ್ಯೂನತೆಯನ್ನೂ ಹೇಳಬೇಕು. ಪ್ರಶಸ್ತಿಯೂ ಊರುಗಳ ಪಟ್ಟಿಯೂ ಸೇರಿ ಬರಹದ ಬಹುಭಾಗವನ್ನು ಆಕ್ರಮಿಸಿರುವುವು. ಭಟನ ಪಾಲಿಗೆ ಉಳಿದುದು ಒಂದೇ ಒಂದು ವಾಕ್ಯಭಾಗ. ಆದರೆ ಆ ಕೊರತೆಯನ್ನು ಶಿಲ್ಪಿಯು ತುಂಬಿಕೊಟ್ಟಿರುವನು. ಕಲ್ಲಿನ ಮೇಲೆ ಕಿಕ್ಕಿರಿದ ಕಾಳಗದ ಚಿತ್ರವು ಪ್ರಶಸ್ತಿಯನ್ನಲ್ಲ, ಆ ವಾಕ್ಯಭಾಗವನ್ನೇ ವಿಸ್ತರಿಸುವುದು. ಆದುದರಿಂದ ಅಕ್ಷರಗಳನ್ನು ಮಾತ್ರ ಅಚ್ಚುಮಾಡಿ ವಿದ್ಯಾರ್ಥಿಗಳ ಮುಂದಿಡುವ ಪಾಠವು ಅರ್ಧಪಾಠವೇ ಸರಿ. ಅರಸನ ಬಿರುದುಗಳನ್ನು ಬಾಯಿಪಾಠಮಾಡಿ, ಇರಿದು ಸತ್ತವನ ಮೂರು ಕ್ರಿಯಾಪದಗಳ ಮೇಲೆ ನಿಲ್ಲದೆ ಮುಂದೆ ಹೋಗುವ ಓದಿಗೆ, ಕಲ್ಲನ್ನು ನಿಲ್ಲಿಸಿದುದು ಯಾರಿಗಾಗಿ ಎಂಬುದೇ ತಿಳಿಯದೆ ಹೋಗುವುದು.