ಶಂಕರನಾರಾಯಣದ ಗದ್ದೆಗಳು

ಊರಿನ ಚರಿತ್ರೆಯನ್ನರಸುವ ಅಭಿರುಚಿಯುಳ್ಳವರು ಮೊದಲು ದೇವಸ್ಥಾನಕ್ಕೆ ಹೋಗಿ, ಅಲ್ಲಿ ಶಿಲಾಶಾಸನವೊಂದು ಕಣ್ಣಿಗೆ ಬಿದ್ದರೆ ಕೃತಾರ್ಥರಾಗಿ ಮರಳುವುದು ವಾಡಿಕೆ. ಕುಂದಾಪುರ ಸೀಮೆಯ ಶಂಕರನಾರಾಯಣದಂತಹ, ಆರಾಧ್ಯದೈವದ ನಾಮವನ್ನೇ ಧರಿಸಿದ ಗ್ರಾಮದಲ್ಲಿ ಈ ಆಕರ್ಷಣೆಯು ಇನ್ನೂ ಪ್ರಬಲ. ಪರಶುರಾಮಸೃಷ್ಟಿಯ ಸಪ್ತಕ್ಷೇತ್ರಗಳಲ್ಲೊಂದೆಂದು ಎಣಿಸಲ್ಪಟ್ಟ ಈ ಸ್ಥಳದ ಪುರಾಣವಾದರೋ ರಮಣೀಯವಾದುದು. ಹರಿಹರರನ್ನು ಏಕಕಾಲದಲ್ಲಿ ಕಾಣಬೇಕೆಂದು ಕ್ರೋಡಮುನಿಯು ಇಲ್ಲಿನ ಗಿರಿಯಲ್ಲಿ ತಪಸ್ಸನ್ನಾಚರಿಸಲು, ಅವರಿಬ್ಬರೂ ಜೊತೆಯಾಗಿ ಮೈದೋರಿ ನೆಲೆನಿಂತರೆಂಬುದು ಪ್ರತೀತಿ. ಗರ್ಭಗುಡಿಯಲ್ಲಿ ಲಿಂಗದ್ವಯವು ನೆಲಮಟ್ಟಕ್ಕಿಂತ ಕೆಳಗೆ, ನೀರಿನ ನಡುವೆ ಇರುವುದರಿಂದ, ದರ್ಶನಾರ್ಥಿಯು ದೃಷ್ಟಿಯನ್ನು ತಗ್ಗಿಸಿ, ದೀಪದ ಬೆಳಕು ನೀರ ಮೇಲೆ ನಿಲ್ಲುವವರೆಗೆ ತಾಳ್ಮೆಯಿಂದ ಕಾಯಬೇಕಾಗುವುದು. ಸಹ್ಯಾದ್ರಿಯ ತಪ್ಪಲಿನ ಮಳೆಯನ್ನೂ ಒರತೆಯನ್ನೂ ಬಲ್ಲ ಜನರ ದೇವರು ಜಲಮಧ್ಯದಲ್ಲಿರುವುದು ನನಗಂತೂ ಅತ್ಯಂತ ಸಹಜವೆಂದೇ ತೋರುವುದು.

ಆದರೆ ಈ ಊರಿನ ಚರಿತ್ರೆಯ ಬಹುಭಾಗವು ದೇಗುಲದ ಪ್ರಾಕಾರದ ಹೊರಗೆ, ಗದ್ದೆಗಳಲ್ಲಿದೆ. ನೀರು ಸದಾ ನಿಲ್ಲುವ ತಗ್ಗಿನದು ಬೈಲು. ಅದರ ಮೇಲಿನದು ಮಜಲು. ಮಳೆಯನ್ನಲ್ಲದೆ ಬೇರೇನನ್ನೂ ನಂಬಲಾಗದ ಎತ್ತರದ ನೆಲವೇ ಬೆಟ್ಟು. ಕಾರ್ತಿ, ಸುಗ್ಗಿ, ಕೊಳಕೆಯೆಂಬ ಮೂರು ಬೆಳೆಗಳಲ್ಲಿ ಮೂರನ್ನೂ ಕಾಣುವ ಭಾಗ್ಯ ಒಳ್ಳೆಯ ಬೈಲಿಗೆ ಮಾತ್ರ. ಬೆಟ್ಟಿನವನಿಗೆ ಕಾರ್ತಿಯೊಂದೇ ಗತಿ. ಯಾರ ಮನೆಯ ಅಂಗಳ ಎಷ್ಟು ವಿಶಾಲ, ಯಾರ ಚಾವಡಿಯಲ್ಲಿ ಊರಿನ ನ್ಯಾಯ ತೀರುತ್ತಿತ್ತು, ಕಂಬಳಗದ್ದೆಗೆ ಯಾರ ಕೋಣಗಳು ಮೊದಲು ಇಳಿಯುತ್ತಿದ್ದುವು ಎಂಬುದೆಲ್ಲವೂ ಬಹುಮಟ್ಟಿಗೆ ಈ ಮೂರು ಬಗೆಯ ನೆಲದ ಒಡೆತನದಿಂದಲೇ ನಿಶ್ಚಯವಾಗುತ್ತಿತ್ತು.

ಗೇಣಿಯ ಲೆಕ್ಕ ಅಕ್ಕಿಮುಡಿಯಲ್ಲಿ. ಒಣಹುಲ್ಲನ್ನು ಹಾಸಿ ಅಕ್ಕಿಯನ್ನು ಸುರಿದು, ಹುಲ್ಲಿನದೇ ಹಗ್ಗದಿಂದ ಬಿಗಿದು, ಕೊಡತಿಯಿಂದ ಬಡಿದು ಉರುಟಾಗಿಸಿದ ಆ ಮುಡಿಗಳು ಒಕ್ಕಲಿನ ಮನೆಯಿಂದ ಧಣಿಯ ಉಗ್ರಾಣಕ್ಕೆ ಹೆಗಲ ಮೇಲೆ ಹೋಗುತ್ತಿದ್ದುವು. ಮೂಲಗೇಣಿಯವನಿಗೆ ಶಾಶ್ವತ ಹಕ್ಕೂ ಏರದ ಗೇಣಿಯೂ ಇದ್ದುವು. ಚಾಲಗೇಣಿಯವನಾದರೋ ಧಣಿಯ ಮುಖವನ್ನೇ ನೋಡಿಕೊಂಡು ಬಾಳಬೇಕಾಗಿದ್ದಿತು. ಘಟ್ಟದ ಮೇಲಿಂದ ಹೊಸಂಗಡಿ, ಸಿದ್ದಾಪುರ, ಹಾಲಾಡಿಗಳ ಮೂಲಕ ಇಳಿಯುವ ದಾರಿಯ ಕೊನೆಯಲ್ಲಿದ್ದ ಬಸರೂರು ಅಕ್ಕಿಯ ವ್ಯಾಪಾರದಿಂದಲೇ ಕೀರ್ತಿಗೊಂಡ ಬಂದರು. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಅದನ್ನು ಸೂರೆಗೊಂಡ ವಿಷಯ ಪಠ್ಯಪುಸ್ತಕಗಳಿಗೆ ಗೊತ್ತು, ಆ ಅಕ್ಕಿಯನ್ನು ಬೆಳೆದ ಒಳನಾಡಿನ ಹಳ್ಳಿಗಳು ಗೊತ್ತಿಲ್ಲ. ಇದು ನನ್ನನ್ನು ಬಹಳ ಕಾಲದಿಂದ ನೋಯಿಸಿದ ಸಂಗತಿ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಇಲ್ಲಿ ಯಾವ ರಾಜವಂಶದ ಪತನಕ್ಕಿಂತಲೂ ದೊಡ್ಡ ಘಟನೆ. ಉಳುವವನು ಒಡೆಯನಾದನು; ಗೇಣಿಚೀಟಿಗಳು ಒಂದೇ ಏಟಿಗೆ ನಿರುಪಯುಕ್ತವಾದುವು; ಎಷ್ಟೋ ಪೆಟ್ಟಿಗೆಗಳಲ್ಲಿ ಅವು ಗೆದ್ದಲಿಗೆ ಆಹಾರವಾದುವು. 1979ರಲ್ಲಿ ಆರಂಭವಾದ ವಾರಾಹಿ ನೀರಾವರಿ ಯೋಜನೆಯ ಕಾಲುವೆಯಲ್ಲಿ ನೀರು ಹರಿಯಲು ದಶಕಗಳೇ ಹಿಡಿದುವು. ಅಷ್ಟರಲ್ಲಿ ಎಷ್ಟೋ ಗದ್ದೆಗಳು ಅಡಕೆತೋಟಗಳಾಗಿದ್ದುವು.

ಪಹಣಿಯಲ್ಲಿ ಸರ್ವೆ ನಂಬರು ಕಾಣುವುದೇ ಹೊರತು ಗದ್ದೆಯ ಹೆಸರು ಕಾಣದು. ಮನೆಯೆದುರಿನ ಬಾಕಿಮಾರು ಗದ್ದೆಯಿಂದ ಹಿಡಿದು ತೋಡಿನ ಅಂಚಿನ ತುಂಡುಗದ್ದೆಯವರೆಗೆ ಪ್ರತಿಯೊಂದನ್ನೂ ಹೆಸರಿಟ್ಟು ಕರೆಯುವ ಹಿರಿಯರು ಈಗಲೂ ಇರುವುದರಿಂದ, ಊರಿನ ಶಾಲೆಗಳ ಮಕ್ಕಳು ಈ ಬೇಸಗೆಯ ರಜೆಯಲ್ಲಿಯೇ ಅವರ ಜೊತೆಗೆ ಅಂಚುಗಳ ಮೇಲೆ ನಡೆದು, ಆ ಹೆಸರುಗಳನ್ನು ಗ್ರಾಮದ ನಕ್ಷೆಯ ಮೇಲೆ ಬರೆದಿಡತಕ್ಕದ್ದು.