ಕೌಟುಂಬಿಕ ನ್ಯಾಯಾಲಯ ಮತ್ತು ವಿಚ್ಛೇದನದ ಕ್ರಮ

ಕೌಟುಂಬಿಕ ನ್ಯಾಯಾಲಯಗಳ 1984ರ ಅಧಿನಿಯಮವನ್ನು ಸಾವಧಾನವಾಗಿ ಓದುವವರಿಗೆ, ದಾಂಪತ್ಯದ ಕಲಹವು ಜಮೀನಿನ ವ್ಯಾಜ್ಯದಂತೆ ಸೋಲು ಗೆಲುವುಗಳಲ್ಲಿ ಪರ್ಯವಸಾನವಾಗುವಂಥದಲ್ಲವೆಂಬುದನ್ನು ಅದರ ನಿರ್ಮಾಪಕರು ಚೆನ್ನಾಗಿ ಅರಿತಿದ್ದರೆಂಬುದು ವಿದಿತವಾಗುವುದು. ಒಂಬತ್ತನೆಯ ಕಲಮು ಮೊದಲು ಸಂಧಾನಕ್ಕೆ ಯತ್ನಿಸತಕ್ಕದ್ದೆಂದು ನ್ಯಾಯಾಧೀಶರಿಗೆ ವಿಧಿಸುತ್ತದೆ. ಹನ್ನೊಂದನೆಯದು, ಕಕ್ಷಿಗಾರರಲ್ಲಿ ಒಬ್ಬರೇ ಬಯಸಿದರೂ ವಿಚಾರಣೆಯು ಗೋಪ್ಯವಾಗಿ ನಡೆಯಬೇಕೆನ್ನುತ್ತದೆ. ಹದಿಮೂರನೆಯದಂತೂ ವಕೀಲರ ಮುಖಾಂತರ ವಾದಿಸುವುದು ಯಾರ ಹಕ್ಕೂ ಅಲ್ಲವೆಂದು ಹೇಳಿ, ನೊಂದವರು ತಮ್ಮ ಅಳಲನ್ನು ತಮ್ಮ ಬಾಯಿಂದಲೇ ನಿವೇದಿಸಿಕೊಳ್ಳಲೆಂಬ ಉದಾತ್ತವಾದ ಆಶಯವನ್ನು ಪ್ರಕಟಿಸುತ್ತದೆ. ನಮ್ಮ ಶಾಸನಗಳಲ್ಲಿ ಇಷ್ಟು ಮನುಷ್ಯತ್ವವುಳ್ಳ ರಚನೆ ವಿರಳ.

ಆದರೆ ಆಚರಣೆಯ ಗತಿ ಬೇರೆಯಾಗಿದೆ. ನ್ಯಾಯಾಲಯದ ಅನುಮತಿ ಪಡೆದು ವಕೀಲರು ಹಾಜರಾಗುವುದು ರೂಢಿಯಾಗಿ, ಅವರೊಡನೆ ಹಳೆಯ ಸಿವಿಲ್ ದಾವೆಯ ಅರ್ಜಿಯ ಭಾಷೆಯೂ ಒಳಹೊಕ್ಕಿದೆ. 1955ರ ಹಿಂದೂ ವಿವಾಹ ಅಧಿನಿಯಮದ ಹದಿಮೂರನೆಯ ಕಲಮಿನಡಿ ಕ್ರೌರ್ಯದ ಕಾರಣವನ್ನು ಮುಂದಿಟ್ಟು ಬರೆಯುವ ಅರ್ಜಿಯಲ್ಲಿ, ಹತ್ತು ವರ್ಷ ಕೂಡಿ ಬಾಳಿದ ಹೆಂಡತಿಯು ಮೊದಲ ದಿನದಿಂದಲೇ ದುಷ್ಟೆಯಾಗಿದ್ದಳೆಂದೋ, ಗಂಡನು ಎಂದೂ ಒಂದು ಒಳ್ಳೆಯ ಮಾತನ್ನಾಡಿದವನಲ್ಲವೆಂದೋ ಸಾಧಿಸಬೇಕಾಗುತ್ತದೆ. ಪ್ರತಿವಾದಿಯು ತಕರಾರಿನಲ್ಲಿ ಅದಕ್ಕಿಂತ ಕಠೋರವಾದುದನ್ನು ಬರೆಯುತ್ತಾನೆ. ಪಾಟೀಸವಾಲಿನ ವೇಳೆಗೆ ರಾಜಿಗೆ ಉಳಿದಿದ್ದ ಅಲ್ಪ ಸ್ವಲ್ಪ ಸದ್ಭಾವವೂ ನಷ್ಟವಾಗುತ್ತದೆ. ಸಂಧಾನವನ್ನು ವಿಧಿಸಿದ ಶಾಸನದ ನೆರಳಿನಲ್ಲಿಯೇ ದ್ವೇಷವು ಲಿಖಿತರೂಪವನ್ನು ತಾಳುವುದು ಈ ಪದ್ಧತಿಯ ಅತ್ಯಂತ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ.

ಇದಕ್ಕಿಂತ ಗೌರವಯುತವಾದ ಮಾರ್ಗವು ಹಿಂದೂ ವಿವಾಹ ಅಧಿನಿಯಮದ 1976ರ ತಿದ್ದುಪಡಿಯಿಂದ ಲಭಿಸಿತು. ಒಂದು ವರ್ಷವಾದರೂ ಬೇರೆ ಬೇರೆಯಾಗಿ ಬಾಳಿದ ದಂಪತಿಗಳು, ಇನ್ನು ಕೂಡಿ ಬಾಳಲಾರೆವೆಂದು ಸಮ್ಮತಿಸಿ, ಒಬ್ಬರನ್ನೊಬ್ಬರು ದೂಷಿಸದೆ ಜಂಟಿ ಅರ್ಜಿಯನ್ನು ಸಲ್ಲಿಸಬಹುದು. ಅರ್ಜಿಯು ಯಾವ ಬಗೆಯದಾದರೂ, ಮದುವೆಯಾದ ಸ್ಥಳ, ದಂಪತಿಗಳು ಕಡೆಯದಾಗಿ ಕೂಡಿ ವಾಸಿಸಿದ ಸ್ಥಳ, ಎದುರು ಕಕ್ಷಿಗಾರರು ಇರುವ ಸ್ಥಳ ಇವುಗಳಲ್ಲಿ ಯಾವುದರ ನ್ಯಾಯಾಲಯವಾದರೂ ಸಲ್ಲುವುದು. ಅರ್ಜಿದಾರಳು ಹೆಂಡತಿಯಾದಲ್ಲಿ ತಾನು ಈಗಿರುವ ಊರಿನಲ್ಲಿಯೇ ಸಲ್ಲಿಸಬಹುದೆಂಬ ಅನುಕೂಲವನ್ನು 2003ರ ತಿದ್ದುಪಡಿಯು ಸೇರಿಸಿತು. ತವರಿಗೆ ಹಿಂದಿರುಗಿದ ಹೆಣ್ಣಿಗೆ ಇದು ಸಣ್ಣ ಉಪಕಾರವಲ್ಲ. ಡಿಕ್ರಿ ಆಗುವವರೆಗೆ ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿರ್ಣಯಿಸಿದುದೂ ನ್ಯಾಯವೇ ಆಗಿದೆ. ಒತ್ತಾಯಕ್ಕೆ ಮಣಿದು ಸಹಿ ಹಾಕಿದವರಿಗೆ ಅದಲ್ಲದೆ ಬೇರೆ ರಕ್ಷಣೆ ಯಾವುದು?

ಇಲ್ಲಿ ಒಂದು ವೈಷಮ್ಯವನ್ನು ಗಮನಿಸಬೇಕು. ಒಪ್ಪಿಕೊಂಡು ಅಗಲುವವರು ಅರ್ಜಿಯ ತರುವಾಯ ಮತ್ತೆ ಆರು ತಿಂಗಳು ಕಾಯತಕ್ಕದ್ದೆಂಬ ನಿಯಮವನ್ನು ನ್ಯಾಯಾಲಯಗಳು ದೀರ್ಘಕಾಲ ಕಟ್ಟುನಿಟ್ಟಾಗಿ ಪಾಲಿಸಿದುವು; ಮಕ್ಕಳ ಪಾಲನೆ, ಜೀವನಾಂಶಗಳೆಲ್ಲ ಇತ್ಯರ್ಥವಾಗಿ, ಮಧ್ಯಸ್ಥಿಕೆಯೂ ವಿಫಲವಾಗಿದ್ದರೆ ಅದನ್ನು ಮನ್ನಿಸಬಹುದೆಂದು ತೀರ್ಪಾದುದು 2017ರಲ್ಲಿ. ವಿವಾದವುಳ್ಳ ಅರ್ಜಿಯ ವಿಚಾರಣೆಯನ್ನು ನೋಟೀಸು ಜಾರಿಯಾದ ಆರು ತಿಂಗಳೊಳಗೆ ಮುಗಿಸಲು ಯತ್ನಿಸತಕ್ಕದ್ದೆಂದು ಹಿಂದೂ ವಿವಾಹ ಅಧಿನಿಯಮದ 21ಬಿ ಕಲಮು ನ್ಯಾಯಾಲಯಕ್ಕೇ ಹೇಳಿರುವ ಮಾತಾದರೋ ವಾಯಿದೆಗಳ ನಡುವೆ ಮರೆತುಹೋಗಿದೆ. ಪ್ರಜೆಯ ಮೇಲಿನ ಆರು ತಿಂಗಳು ಕಡ್ಡಾಯವಾಗಿ, ನ್ಯಾಯಪೀಠದ ಮೇಲಿನ ಆರು ತಿಂಗಳು ಕೇವಲ ಹಾರೈಕೆಯಾಗಿ ಉಳಿದುದನ್ನು ಯಾವ ತರ್ಕದಿಂದ ಸಮರ್ಥಿಸೋಣ?

ಈ ವಿಳಂಬದ ಭಾರವು ಇಬ್ಬರ ಮೇಲೂ ಸಮನಾಗಿ ಬೀಳುವುದಿಲ್ಲ. ಸಂಪಾದನೆಯಿಲ್ಲದ ತಾಯಿಯು ಶಾಲೆಯ ಶುಲ್ಕಕ್ಕೆ, ಮನೆಬಾಡಿಗೆಗೆ ಅಣ್ಣತಮ್ಮಂದಿರ ಮುಖವನ್ನು ನೋಡಬೇಕಾಗುತ್ತದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಮಟ್ಟಿಗೆ ಅರುವತ್ತು ದಿನಗಳೊಳಗೆ ತೀರ್ಮಾನಿಸಬೇಕೆಂದು 2001ರಿಂದ ಕಾನೂನಿದೆ. ಉಭಯರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿದೆ. ಹೊಸ ಶಾಸನದ ಅಗತ್ಯವೇ ಇಲ್ಲಿಲ್ಲ. ಆ ಪ್ರಮಾಣಪತ್ರ ಬಾರದೆ ಗಂಡನಿಗೆ ಮುಂದಿನ ವಾಯಿದೆ ದೊರೆಯದಂತೆ ಮಾಡಿ, ಮುಖ್ಯ ಅರ್ಜಿಗಿಂತ ಮೊದಲು ಜೀವನಾಂಶದ ಅರ್ಜಿಯನ್ನು ಕೈಗೆತ್ತಿಕೊಳ್ಳುವುದು ಪ್ರತಿಯೊಬ್ಬ ಕೌಟುಂಬಿಕ ನ್ಯಾಯಾಧೀಶರಿಗೂ ಇಂದೇ ಸಾಧ್ಯವಿರುವ ಕಾರ್ಯ.