ಲೋಹ-ಸಾವಯವ ಹಂದರದ ಇದ್ದಲು: ಒಂದು ವಿಮರ್ಶೆ

2025ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್, ಓಮರ್ ಯಾಘಿ ಎಂಬ ಮೂವರಿಗೆ ಸಂದ ಬಳಿಕ ಲೋಹ-ಸಾವಯವ ಹಂದರಗಳ ಹೆಸರು ನಮ್ಮ ಕಾಲೇಜುಗಳಲ್ಲಿಯೂ ಕೇಳಿಬರುತ್ತಿದೆ. ಲೋಹದ ಅಯಾನುಗಳು ಗೂಟಗಳಾಗಿ, ಸಾವಯವ ಅಣುಗಳು ಅಡ್ಡಗಳುಗಳಾಗಿ ಕೂಡಿದ ಈ ಸ್ಫಟಿಕಗಳಲ್ಲಿ ಪೊಳ್ಳು ಬಹಳ. ಆ ಪೊಳ್ಳಿನ ಗೋಡೆಗಳಿಗೆ ಅನಿಲವು ಅಂಟಿ ನಿಲ್ಲುತ್ತದೆ. ಪ್ರಕೃತ ವಿಮರ್ಶೆಯ ವಸ್ತು ಈ ಹಂದರಗಳಲ್ಲ. ಅವನ್ನು ಸುಟ್ಟು ಪಡೆಯುವ ಸರಂಧ್ರ ಇಂಗಾಲ, ಮತ್ತು ಅನಿಲಸಂಗ್ರಹಕ್ಕೆ ಅದೇ ತಕ್ಕದ್ದೆಂದು ಕೊಂಡಾಡುವ ಬರಹಗಳು. ಇದರಲ್ಲಿ ಚರಿತ್ರೆಯ ಅಧ್ಯಾಪಕನಿಗೇನು ಅಧಿಕಾರವೆಂದು ಕೇಳಬಹುದು. ಪ್ರಯೋಗಶಾಲೆಯ ಅಧಿಕಾರ ನನಗಿಲ್ಲ. ದಾಖಲೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಓದುವ ಅಭ್ಯಾಸ ಉಂಟು.

ಈ ಮಾರ್ಗವನ್ನು ತೋರಿದ ಲೇಖನ 2008ರಲ್ಲಿ ಜಪಾನಿನಿಂದ ಪ್ರಕಟವಾಯಿತು. ಸತುವು ಮತ್ತು ಟೆರೆಥಾಲಿಕ್ ಆಮ್ಲದಿಂದಾದ ಎಂಓಎಫ್-5 ಎಂಬ ಹಂದರದೊಳಕ್ಕೆ ಫರ್ಫ್ಯೂರಿಲ್ ಆಲ್ಕೊಹಾಲನ್ನು ತುಂಬಿ, ಗಾಳಿಯಿಲ್ಲದೆ 1000 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರು. ಸತುವು 907 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಆವಿಯಾಗಿ ಹೊರಟುಹೋಗುತ್ತದೆ, ಇಂಗಾಲ ಉಳಿಯುತ್ತದೆ. ಲೋಹವು ತಾನಾಗಿಯೇ ಜಾಗ ತೆರವು ಮಾಡುವ ಈ ಉಪಾಯ ನಿಜಕ್ಕೂ ಜಾಣತನದ್ದು. ತೇವಕ್ಕೆ ಕೆಡುವ ಮೂಲ ಹಂದರಕ್ಕಿಂತ ಉಳಿದ ಇಂಗಾಲವು ಗಟ್ಟಿ. ಅದರ ಗ್ರಾಮೊಂದಕ್ಕೆ 2,872 ಚದರ ಮೀಟರ್ ಮೇಲ್ಮೈ ಇದ್ದಿತು. ಒಂದು ವಾತಾವರಣದ ಒತ್ತಡದಲ್ಲಿ ಅದು ತನ್ನ ತೂಕದ ಶೇಕಡ 2.6ರಷ್ಟು ಜಲಜನಕವನ್ನು ಹಿಡಿಯಿತು.

ಆದರೆ ಈ ಜಲಜನಕವನ್ನು ಹಿಡಿದದ್ದು ಸೊನ್ನೆಗಿಂತ 196 ಡಿಗ್ರಿ ಕೆಳಗೆ, ದ್ರವ ಸಾರಜನಕದ ಚಳಿಯಲ್ಲಿ. ಮೇಲ್ಮೈಯ ಮಾತಿಗೆ ಬಂದರೆ, ಪೆಟ್ರೋಲಿಯಂ ಕೋಕನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನೊಡನೆ ಕಾಯಿಸಿದ ಇದ್ದಲು 1970ರ ದಶಕದಲ್ಲಿಯೇ 3,000 ಚದರ ಮೀಟರಿನ ಆಸುಪಾಸು ಮುಟ್ಟಿದ್ದಿತು. ಬೆಲೆಬಾಳುವ ಸ್ಫಟಿಕವನ್ನು ಕಟ್ಟಿ, ಅದರ ಕೀರ್ತಿಗೆ ಕಾರಣವಾದ ಕ್ರಮಬದ್ಧತೆಯನ್ನೇ ಸುಟ್ಟು, ಹಳೆಯ ಇದ್ದಲು ಏರಿದ್ದ ಮೆಟ್ಟಿಲನ್ನೇ ಏರಿದುದಾಯಿತು. ನಾನು ಓದಿದ ಲೇಖನಗಳಲ್ಲಿ ಹೆಚ್ಚಿನವು ಹೊಸ ಇಂಗಾಲವನ್ನು ಅದರ ಸೋದರರೊಡನೆ ಹೋಲಿಸುತ್ತವೆಯೇ ಹೊರತು ಈ ಹಿರಿಯನೊಡನೆ ಹೋಲಿಸುವುದಿಲ್ಲ. ಗ್ರಾಮಿನ ಲೆಕ್ಕವೂ ಅರೆಲೆಕ್ಕವೇ. ಪೊಳ್ಳು ಹೆಚ್ಚಿದಷ್ಟೂ ವಸ್ತು ಹಗುರವಾಗಿ ಪಾತ್ರೆಯ ಜಾಗವನ್ನು ನುಂಗುತ್ತದೆ. ವಾಹನಗಳಿಗೆಂದು ಅಮೆರಿಕದ ಇಂಧನ ಇಲಾಖೆ 2025ಕ್ಕೆ ಇಟ್ಟಿದ್ದ ಗುರಿಯಲ್ಲಿ ತೂಕದ ಶೇಕಡ 5.5ರ ಜೊತೆಗೆ ಲೀಟರಿಗೆ 40 ಗ್ರಾಂ ಜಲಜನಕವೆಂಬ ಷರತ್ತೂ ಇದ್ದಿತು. ಅದೂ ಟ್ಯಾಂಕು, ಕೊಳವೆಗಳೆಲ್ಲ ಸೇರಿ.

ಇದು ದೂರದೇಶದ ಚರ್ಚೆಯಷ್ಟೇ ಅಲ್ಲ. ವೈ.ಎನ್.ಹೊಸಕೋಟೆ ಇರುವ ಪಾವಗಡ ತಾಲ್ಲೂಕಿನಲ್ಲಿಯೇ, ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರವಿದೆ. ಹಗಲಿನ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಮಾಡಿ ಇರುಳಿಗೆ ಕೂಡಿಡಬೇಕೆಂದರೆ, ನಮ್ಮ ಬೇಸಗೆಯ ಬಿಸಿಲಿನಲ್ಲಿ ಎಷ್ಟು ಹಿಡಿಸುತ್ತದೆ, ಎಷ್ಟು ಬೆಲೆಗೆ ಎಂಬುದೇ ಮೊದಲ ಪ್ರಶ್ನೆ. (ನೀರಿನ ಪ್ರಶ್ನೆ ಬೇರೆಯೇ ಇದೆ, ಬರದ ಸೀಮೆಯವರಿಗೆ ಅದನ್ನು ನೆನಪಿಸಬೇಕಾಗಿಲ್ಲ.)

ನೆರೆಯ ಮಧುಗಿರಿ, ಚನ್ನರಾಯನದುರ್ಗಗಳ ಕಡೆ 1800ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಅಲ್ಲಿನ ಕಬ್ಬಿಣ, ಉಕ್ಕುಗಳ ಕೆಲಸವನ್ನು ವರ್ಣಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿಯ ಕಡ್ಡಿಯಿಟ್ಟು ಬಾಯಿಮುಚ್ಚಿ ಕಾಯಿಸಿದರೆ ಕಡ್ಡಿಯ ಇಂಗಾಲ ಲೋಹವನ್ನು ಸೇರಿ ಉಕ್ಕಾಗುತ್ತಿತ್ತು. ಇಲ್ಲಿ ಅದಕ್ಕೆ ತಿರುಗುಮುರುಗು: ಲೋಹ ಹೊರಟು ಇಂಗಾಲ ನಿಲ್ಲುತ್ತದೆ. ಆತನ ಬರಹದಲ್ಲಿ ಇದ್ದಲು, ಆಳು, ಕೂಲಿ, ಹುಟ್ಟುವಳಿ ಎಲ್ಲಕ್ಕೂ ಲೆಕ್ಕವಿದೆ. ಹೊಸ ಲೇಖನಗಳಲ್ಲಿ ದ್ರಾವಕವೆಷ್ಟು ವ್ಯಯವಾಯಿತು, ಆವಿಯಾದ ಸತುವು ಎಲ್ಲಿ ಹೋಯಿತು ಎಂಬುದಕ್ಕೆ ನಾನು ಹುಡುಕಿದರೂ ಸಾಲು ಸಿಕ್ಕುವುದು ಅಪರೂಪ.

ಸಾರಜನಕ ಬೆರೆತ ಹಂದರಗಳಿಂದಾದ ಇಂಗಾಲವು ವಿದ್ಯುದ್ವಾರಗಳಿಗೂ ಕ್ರಿಯಾವರ್ಧಕಗಳಿಗೂ ಒದಗುವುದು ಬೇರೆ ಮಾತು. ಆ ಕೆಲಸದಲ್ಲಿ ಹಂದರದ ವೆಚ್ಚಕ್ಕೆ ಸಮರ್ಥನೆ ಸಿಕ್ಕೀತು. ಅನಿಲಸಂಗ್ರಹದ ಮಾತಾಡುವವರು ಮಾತ್ರ ತಮ್ಮ ಕೋಷ್ಟಕಕ್ಕೆ ಇನ್ನೊಂದು ಸಾಲು ಸೇರಿಸಬೇಕು: ಪಾವಗಡದ ಹೊಲಗಳಲ್ಲಿ ಬೆಳೆಯುವ ಕಡಲೆಕಾಯಿಯ ಸಿಪ್ಪೆಯಿಂದ ಮಾಡಿದ ಇದ್ದಲು, ಅದೇ ಉಷ್ಣಮಾನದಲ್ಲಿ, ಅದೇ ಒತ್ತಡದಲ್ಲಿ, ಲೀಟರಿಗೆ ಇಷ್ಟು, ಕಿಲೋಗ್ರಾಮಿಗೆ ಇಷ್ಟು ರೂಪಾಯಿ ಎಂದು.